ಬಲಕ್ಕೆ ತಿರುಗದ ಭಾವ

ನನ್ನ ಅಕ್ಕನ ಗಂಡ ಸಿದ್ದರಾಮಪ್ಪನವರು ಕಾರನ್ನು ಬಲಕ್ಕೆ ತಿರುಗಿಸುವುದಿಲ್ಲ. ಬೇಗಂಪೇಟೆಯಲ್ಲಿ ಅವರದು ಪರದೆ ಬಟ್ಟೆಯ ಅಂಗಡಿ. ಗಿರಾಕಿಗಳ ಮುಂದೆ ಹುಲಿ, ಸ್ಟೇರಿಂಗ್ ಹಿಡಿದರೆ ಇಲಿ. ಇಳಿವಯಸ್ಸಿನಲ್ಲಿ ಕಾರು ಕಲಿತ ಹೊಸತರಲ್ಲಿ ಮಿಯಾಪುರದ ಚೌರಸ್ತೆಯಲ್ಲಿ ಬಲಕ್ಕೆ ತಿರುಗಲು ಹೋದಾಗ ನಡುರಸ್ತೆಯಲ್ಲೇ ಗಾಡಿ ಬಂದ್ ಬಿದ್ದಿತ್ತು. ನಾಲ್ಕೂ ಕಡೆಯಿಂದ ಹಾರ್ನ್. ಕೊನೆಗೆ ಟ್ರಾಫಿಕ್ ಪೊಲೀಸನೇ ಇವರನ್ನು ಪಕ್ಕದ ಸೀಟಿಗೆ ಸರಿಸಿ, ತಾನೇ ಗಾಡಿಯನ್ನು ಬದಿಗೆ ತಂದನಂತೆ. ಅಂದಿನಿಂದ ಕೊಂಡಾಪುರದ ನನ್ನ ಮನೆಗೆ ಬರಬೇಕೆಂದರೆ ಎಡಕ್ಕೆ, ಮತ್ತೆ ಎಡಕ್ಕೆ, ಇನ್ನೊಮ್ಮೆ ಎಡಕ್ಕೆ ಎಂದು ಅರ್ಧ ಹೈದರಾಬಾದಿಗೆ ಅಪ್ರದಕ್ಷಿಣೆ ಹಾಕಿ ಬರುತ್ತಾರೆ. ಅಷ್ಟರಲ್ಲಿ ನಾನು ಮಾಡಿಟ್ಟ ಚಹಾ ಆರಿರುತ್ತದೆ.

"ಬಲಕ್ಕ ತಿರುಗೋದು ಅವಸರದ ಮಂದಿ ಕೆಲಸ, ಸುಮತಿ," ಎಂದು ನನಗೇ ಬುದ್ಧಿ ಹೇಳುತ್ತಾರೆ.

ಅಕ್ಕ ಸುಂದರಾಬಾಯಿಗೆ ಒಮ್ಮೆ ಸಮುದ್ರದಲ್ಲಿ ಕಾಲಿಡುವ ಆಸೆ. ಭಾವ ವರ್ಷಗಟ್ಟಲೆ ಹುಸೇನ್ ಸಾಗರ ತೋರಿಸಿಯೇ ಕಾಲ ಹಾಕಿದ್ದರು. ಈ ವರ್ಷ ಡಾಕ್ಟರು ಮಂಡಿಯ ಆಪರೇಷನ್ ಆಗಲೇಬೇಕೆಂದಾಗ ಅಕ್ಕ ಹಟ ಹಿಡಿದಳು: "ಮಂಡಿ ಕೊಯ್ಸೂದಕ್ಕಿಂತ ಮೊದ್ಲ ಸಮುದ್ರದಾಗ ಕಾಲಿಡತೀನಿ. ಇಲ್ಲಾಂದ್ರ ಆಪರೇಷನ್ನೂ ಬ್ಯಾಡ."

ಅಕ್ಕನ ಮಗ ವೈಭವ ನಮ್ಮನ್ನು ಕೂರಿಸಿಕೊಂಡು ಹುಬ್ಬಳ್ಳಿಯವರೆಗೆ ಗಾಡಿ ಓಡಿಸಿದ. ಅಲ್ಲಿ ಅವನಿಗೆ ಗೆಳೆಯನ ಮದುವೆ. "ಇಲ್ಲಿಂದ ಸೀದಾ ಹೋಗ್ರಿ ಅಪ್ಪಾ. ಅಂಕೋಲಾದಾಗ ಎಡಕ್ಕ ಹೊಳ್ಳಿದ್ರ ಆತು, ಮುಂದ ಸಮುದ್ರದ ದಂಡಿಗುಂಟನ ರಸ್ತೆ," ಎಂದ. ಎಡಕ್ಕೆ ಎಂದದ್ದೇ ತಡ, ಭಾವನ ಮುಖ ಅರಳಿತು.

ಹಾಗೆ ಅಂಕೋಲಾದಲ್ಲಿ ಎಡಕ್ಕೆ ಹೊರಳಿ ದಕ್ಷಿಣಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಖಡಕ್ ರೊಟ್ಟಿಯ ಡಬ್ಬಿ. ಭಾವ ಎಷ್ಟು ನಿಧಾನವೆಂದರೆ, ಮೊಪೆಡ್ಡಿನಲ್ಲಿ ಮೀನು ಮಾರುವವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕ. ತೆಂಗಿನ ಮರಗಳ ಸಂದಿನಲ್ಲಿ ಸಮುದ್ರ ಹೊಳೆಯುತ್ತಿತ್ತು. ಆದರೆ ಅದಿದ್ದದ್ದು ಬಲಕ್ಕೆ. ಬೀಚಿನ ಬೋರ್ಡುಗಳ ಬಾಣಗಳೂ ಬಲಕ್ಕೇ.

"ರೀ, ಬೀಚ್ ಬಂತು ನೋಡ್ರಿ," ಎಂದಳು ಅಕ್ಕ.

"ಇದು ಬ್ಯಾಡ. ಮುಂದ ಎಡಕ್ಕೊಂದು ಬರ್ತೈತಿ."

"ಭಾವಾ, ನಿಮ್ಮ ಸಲುವಾಗಿ ಸಮುದ್ರ ಆ ಕಡೆ ಎದ್ದು ಬರೂದಿಲ್ಲರಿ," ಎಂದೆ. "ಇಲ್ಲೇ ಬದಿಗೆ ನಿಂದ್ರಸ್ರಿ, ನಡಕೊಂತ ಹೋಗ್ತೀವಿ."

"ಹೈವೇದಾಗ ನಿಂದ್ರಿಸಿದ್ರ ಫೋಟೋ ಹೊಡದು ಚಲಾನ್ ಕಳಸ್ತಾರ!"

ಹೊನ್ನಾವರ ಹೋಯಿತು, ಮುರ್ಡೇಶ್ವರ ಹೋಯಿತು, ಭಟ್ಕಳವೂ ಹೋಯಿತು. ಇಷ್ಟು ದೂರ ಬಂದು, ಗಂಡನ ಹೊಟ್ಟೆಯ ಮೇಲಿಂದ ಸಮುದ್ರ ನೋಡಿ ಮರಳುವ ಹಣೆಬರಹವೇ ಎಂದು ನನಗೆ ನಿಜಕ್ಕೂ ಸಿಟ್ಟು ಬಂತು.

ಮರವಂತೆಯಲ್ಲಿ ಭಾವ ಸೀಟಿನಲ್ಲೇ ಕುಣಿದರು. "ಬಂತು ನೋಡ್ರಿ, ಎಡಕ್ಕ ನೀರು!"

ಅದು ಹೊಳೆ. ಸಮುದ್ರ ಬಲಗಡೆ ರಸ್ತೆಯ ಅಂಚಿಗೇ ಬಂದು ಬಡಿಯುತ್ತಿತ್ತು.

"ಇದ್ರಾಗ ಕಾಲಿಡು, ಸುಂದ್ರಾ. ಎಲ್ಲಾ ನೀರೂ ಒಂದ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ರೀ, ನನಗ ವಾಂತಿ ಬರಾಕತ್ತೈತಿ."

ಸೀಟಿನ ಕವರು ಹೊಸದು. ಭಾವ ಚಲಾನು ಗಿಲಾನು ಎಲ್ಲ ಮರೆತು ಗಾಡಿ ನಿಲ್ಲಿಸಿಬಿಟ್ಟರು.

ಅಕ್ಕನಿಗೆ ವಾಂತಿಯೂ ಇಲ್ಲ, ಗೀಂತಿಯೂ ಇಲ್ಲ. ಆರಾಮಾಗಿ ಇಳಿದು ಸೆರಗು ಸಿಗಿಸಿದಳು. ಮಿಯಾಪುರದಲ್ಲಿ ತರಕಾರಿಗೆ ಹೋಗುವಾಗ ಮಾಡುವಂತೆಯೇ, ಅಂಗೈ ಮುಂದೆ ಚಾಚಿ, ಯಾವ ಕಡೆಗೂ ನೋಡದೆ ಕುಂಟುತ್ತ ರಸ್ತೆಗೆ ನಡೆದಳು. ಹೈದರಾಬಾದಿನಲ್ಲಿ ನಾವೆಲ್ಲ ರಸ್ತೆ ದಾಟುವುದು ಹೀಗೇ. ಅಂಗೈ ತೋರಿಸಿದರೆ ಸಿಟಿ ಬಸ್ಸೂ ನಿಲ್ಲುತ್ತದೆ. ಇಲ್ಲಿಯೂ ನಿಂತವು. ಮೊದಲು ಒಂದು ಲಾರಿ, ಅದರ ಹಿಂದೆ ಟೂರಿಸ್ಟ್ ಬಸ್ಸು. ನಡುರಸ್ತೆಯಲ್ಲಿ ನಿಂತು ಅಕ್ಕ ಗಂಡನ ಕಡೆ ತಿರುಗಿದಳು.

"ಏನ್ ನೋಡಾಕತ್ತೀರಿ? ಬರ್ರಿ, ನಾ ತಡದು ನಿಂತೀನಿ!"

ಭಾವ ಮನೆದೇವರನ್ನು ನೆನೆದು ಸ್ಟೇರಿಂಗ್ ಬಲಕ್ಕೆ ಎಳೆದರು. ಅಕ್ಕ ಕೈ ಚಾಚಿಕೊಂಡು ಮುಂದೆ, ಅವಳ ಹಿಂದೆ ಕಾರು. ಲಾರಿಯವನು ಹಾರ್ನ್ ಹೊಡೆಯುವುದನ್ನೂ ಮರೆತು ನೋಡುತ್ತಿದ್ದ.

ಮೊದಲ ಅಲೆಯೇ ಅಕ್ಕನ ಮಂಡಿಯವರೆಗೆ ಬಂತು. ಸಣ್ಣ ಹುಡುಗಿಯ ಹಾಗೆ ಚೀರಿ ನಕ್ಕಳು. ನನಗೆ ಖುಷಿಯಿಂದ ಕಣ್ಣು ತುಂಬಿದವು. ಭಾವ ಪ್ಯಾಂಟು ಮಡಚಿ ಅವಳ ಕೈ ಹಿಡಿದು ನಿಂತರು.

"ಹೆಂಗ ಹೊಳ್ಳಿಸಿದೆ, ನೋಡಿದ್ಯಾ ಸುಮತಿ?" ಎಂದು ಮೀಸೆ ಬೇರೆ ತಿರುವಿದರು.

ಮರುದಿನ ಹುಬ್ಬಳ್ಳಿಗೆ ಹೊರಟಾಗ ಸಮುದ್ರ ಎಡಕ್ಕಿತ್ತು. ಭಾವ ರಾಜರಾದರು. ಕಂಡ ಕಂಡ ಬೀಚಿಗೆಲ್ಲ ಗಾಡಿ ಹೊರಳಿಸಿದರು. ಅಕ್ಕನ ಸೀರೆಯ ಅಂಚು ಒಣಗಲೇ ಇಲ್ಲ. ಹೀಗೇ ಅಂಕೋಲಾ ಬಂತು. ಹುಬ್ಬಳ್ಳಿಯ ಬೋರ್ಡಿನ ಬಾಣ ಬಲಕ್ಕೆ ತೋರಿಸುತ್ತಿತ್ತು.

ಭಾವ ಬೆವರು ಒರೆಸಿಕೊಂಡರು. "ಸುಂದ್ರಾ, ಇಳಿತೀಯೇನು?"

ಅಕ್ಕ ಮರಳು ಮೆತ್ತಿದ ಕಾಲುಗಳನ್ನು ಇನ್ನಷ್ಟು ಉದ್ದಕ್ಕೆ ಚಾಚಿ ಕೂತಳು.

"ಸೀದಾ ನಡೀರಿ, ಗೋವಾ ಬರ್ತೈತಂತ. ಬಲಕ್ಕ ತಿರುಗೋದು ಅವಸರದ ಮಂದಿ ಕೆಲಸ."