ತಾಳೆಯಾಗದ ಸಕ್ಕರೆ

ನಾಗಣಸೂರಿನ ಕುರಿಹಟ್ಟಿಯ ಪಕ್ಕದ ಮನೆಗೆ ಈಗಷ್ಟೇ ಬೆಳಕು ಬಂದಿದೆ. ನರ್ಸ್ ಸುವರ್ಣಾ ಒಂಬತ್ತು ವರ್ಷದ ಶುಭಾಂಗಿಯ ಬೆರಳು ಚುಚ್ಚಿ, ರಕ್ತದ ಹನಿಯನ್ನು ಮೀಟರಿನ ಪಟ್ಟಿಗೆ ತಾಗಿಸುತ್ತಾರೆ. ಸಕ್ಕರೆ ಮುನ್ನೂರು ದಾಟಿದೆ. ಅವರಿಗೆ ಮತ್ತೆ ತಲೆ ಕೆಡುತ್ತದೆ.

"ಖರೆ ಹೇಳು, ಏನ್ ತಿಂದಿ?"

"ಏನೂ ತಿಂದಿಲ್ರಿ ಸಿಸ್ಟರ್. ಬಿರೋಬಾ ದೇವರ ಆಣಿ."

ಒಲೆಯ ಮುಂದಿನಿಂದ ಅಜ್ಜಿ ಸುಗಲಾಬಾಯಿ ಸಿಡುಕುತ್ತಾರೆ: "ನಮ್ಮ ಪೋರಿ ಕಳ್ಳಿ ಅಲ್ಲವ್ವ. ನಿನ್ನ ಮಷೀನೇ ಸುಳ್ಳ ಹೇಳತದ. ವಾಪಸ್ ಒಯ್ಯಿ."

ಒಂದನೇ ವಿಧದ ಮಧುಮೇಹವಿರುವ ಮಕ್ಕಳು ದಿನವೂ ಇನ್ಸುಲಿನ್ ಚುಚ್ಚಿಸಿಕೊಳ್ಳಲೇಬೇಕು. ಅವರನ್ನು ವಾರ್ಡಿನಲ್ಲಿ ಇಟ್ಟುಕೊಳ್ಳುವ ಬದಲು ಮನೆಯಲ್ಲೇ ನೋಡಿಕೊಳ್ಳುವ ವ್ಯವಸ್ಥೆಯನ್ನು ಸೊಲ್ಲಾಪುರದ ಆಸ್ಪತ್ರೆಯೊಂದು ಕಳೆದ ವರ್ಷ ಆರಂಭಿಸಿದೆ. ಅಲ್ಲಿ ವರ್ಷಗಟ್ಟಲೆ ದುಡಿದ ಸುವರ್ಣಾ ಈಗ ಮೊದಲ ಬಸ್ಸಿಗೆ ಅಕ್ಕಲಕೋಟೆಗೆ ಬಂದು, ಅಲ್ಲಿಂದ ಊರೂರಿಗೆ ಆಟೊ ಹಿಡಿಯುತ್ತಾರೆ. "ವಾರ್ಡಿನಾಗ ಎಲ್ಲಾ ತಿಳೀತಿತ್ರಿ. ಮನಿಗಿ ಬಂದ್ರ ಏನೂ ತಿಳಿವಲ್ದು," ಎನ್ನುತ್ತಾರೆ.

ಅವರು ನೋಡಿಕೊಳ್ಳುವ ಮಕ್ಕಳಲ್ಲಿ ಶುಭಾಂಗಿಯದೇ ದೊಡ್ಡ ಗೊಂದಲ. ಆಸ್ಪತ್ರೆಯಲ್ಲಿ ಸರಿಯಿದ್ದ ಸಕ್ಕರೆ ಮನೆಯಲ್ಲಿ ಬೆಳಗ್ಗೆ ಏರುತ್ತದೆ. ಅದನ್ನು ನೋಡಿ ತಾಯಿ, ಡಾಕ್ಟರ್ ಹೇಳಿಕೊಟ್ಟಂತೆ, ಇನ್ಸುಲಿನ್ ಹೆಚ್ಚಿಸುತ್ತಾರೆ. ಶಾಲೆ ಸೇರುವಷ್ಟರಲ್ಲಿ ಸಕ್ಕರೆ ತೀರ ಇಳಿದು ಹುಡುಗಿ ಬೆವರಿ ನಡುಗುತ್ತಾಳೆ. ಹಿಂದಿನ ವಾರ ತರಗತಿಯಲ್ಲೇ ಪ್ರಜ್ಞೆ ತಪ್ಪಿದ್ದಳು. ಇನ್ನೊಮ್ಮೆ ಬಿದ್ದರೆ ಏಳದೆಯೂ ಹೋಗಬಹುದು ಎಂಬುದು ಸುವರ್ಣಾ ಅವರಿಗೆ ಗೊತ್ತು. ಹೀಗೇಕೆ ಎಂಬುದು ಗೊತ್ತಿಲ್ಲ.

ಮಗುವಿನ ಕೈ ಹಿಡಿದು ಕೂತಿದ್ದಾಗ ಅವರ ಹೆಬ್ಬೆರಳಿಗೆ ಏನೋ ಅಂಟುತ್ತದೆ.

"ಇದೇನ ಜಿಗಿಜಿಗಿ?"

"ಬೆಲ್ಲರಿ. ದಿನಾ ನಸುಕಿನ್ಯಾಗ ಬಿರೋಬಾಗ ನಾನೇ ನೈವೇದ್ಯ ಇಡತೀನಿ. ತಮ್ಮ ಆದ್ರ ಬೆರಳ ನೆಕ್ಕತಾನ. ನಾ ತಿನ್ನಂಗಿಲ್ಲಲ್ರಿ, ಅದಕ್ಕ ಆಯಿ ನನ್ನ ಕೈಲೇ ಇಡಸ್ತಾಳ," ಎಂದು ಹುಡುಗಿ ಅಜ್ಜಿಯತ್ತ ನೋಡುತ್ತಾಳೆ.

ಸುವರ್ಣಾ ಸಾಬೂನು ಹಚ್ಚಿ ಕೈ ತೊಳೆಸಿ, ಒರೆಸಿ, ಮತ್ತೆ ಚುಚ್ಚುತ್ತಾರೆ. ನೂರಾ ಹತ್ತು. ನಂಬಿಕೆ ಬಾರದೆ ಇನ್ನೊಂದು ಬೆರಳು ಚುಚ್ಚುತ್ತಾರೆ. ಅದೂ ಅಷ್ಟೇ ತೋರಿಸುತ್ತದೆ. ಮೀಟರು ಇಷ್ಟು ದಿನ ಬೆರಳ ಮೇಲಿನ ಬೆಲ್ಲವನ್ನೂ ಸೇರಿಸಿ ತೋರಿಸುತ್ತಿತ್ತು. ಆ ಅಂಕಿ ನಂಬಿ ಕೊಟ್ಟ ಹೆಚ್ಚಿನ ಇನ್ಸುಲಿನ್ನೇ ಅವಳನ್ನು ಶಾಲೆಯಲ್ಲಿ ಕೆಡವುತ್ತಿತ್ತು.

"ಹಂಗಾರ ನೈವೇದ್ಯ ಬಿಡಬೇಕೇನ?" ಅಜ್ಜಿಯ ದನಿ ಈಗ ಇಳಿದಿದೆ.

"ಬಿಡೂದ ಬ್ಯಾಡ ಆಯಿ. ಮದಲ ಕೈ ತೊಳದು ಚುಚ್ಚರಿ. ಆಮ್ಯಾಲ ದೇವರು."

"ದೇವರನ್ನೂ ಪಾಳಿಗಿ ನಿಂದ್ರಸ್ದಿ ನೀ."

ಇಂದು ಹೆಚ್ಚುವರಿ ಇನ್ಸುಲಿನ್ ಇಲ್ಲ. ಆದರೂ ಸುವರ್ಣಾ ಮುಂದಿನ ಊರಿನ ಆಟೊ ಬಿಟ್ಟು ಶಾಲೆಯ ಕಟ್ಟೆಯ ಮೇಲೆ ಕೂರುತ್ತಾರೆ. ಕಾರಣ ಇದೊಂದೇ ಇರಬಹುದೇ, ಇನ್ನೇನಾದರೂ ಇದೆಯೇ? ಬಿಡುವಿನ ವೇಳೆ ಶುಭಾಂಗಿ ಓಡಿ ಬರುತ್ತಾಳೆ. ಮೈಯೆಲ್ಲ ಬೆವರು. ಸುವರ್ಣಾ ಗಾಬರಿಯಿಂದ ಅವಳ ಕೈ ತೊಳೆಸಿ ಚುಚ್ಚುತ್ತಾರೆ. ಸಕ್ಕರೆ ಸರಿಯಿದೆ.

"ಮತ್ಯಾಕ ಬೆವತಿ?"

"ಖೋ ಖೋ ಆಡಾಕತ್ತೀನ್ರಿ. ಬಿಡ್ರಿ, ನನ್ನ ಪಾಳಿ ಹೋಗತದ."

ಹುಡುಗಿ ಕೈ ಕೊಸರಿಕೊಂಡು ಓಡುತ್ತಾಳೆ. ಸುವರ್ಣಾ ಆಟ ಮುಗಿಯುವವರೆಗೂ ಏಳುವುದಿಲ್ಲ. "ಈಕಿ ಆಡಿ ಬೆವತದ್ದು ನಾ ಇವತ್ತ ಮದಲನೇ ಸಲ ನೋಡೀನ್ರಿ," ಎನ್ನುತ್ತಾರೆ.