ಎಕಂಬಾದಲ್ಲಿ ಸರಿದ ಗೆರೆ

ಶಮೀಮ ಕಳೆದ ಗುರುವಾರ ಸಂಜೆ ಬೀದರಿನ ತನ್ನ ಮನೆಯಲ್ಲಿ ತೀರಿಕೊಂಡಳು. ಹೃದಯದ ಕಾಯಿಲೆ ಬಹಳ ದಿನದಿಂದ ಇತ್ತು. ಅವಳು ಭೂವಿಜ್ಞಾನಿ. ನನಗೆ ಕಾಲೇಜಿನ ದಿನಗಳಿಂದ ಗೆಳತಿ.

ಅವಳ ತಂದೆ ಫಕ್ರೋದ್ದೀನ ಬೋರ್‌ವೆಲ್ ಲಾರಿ ಇಟ್ಟುಕೊಂಡಿದ್ದರು. ರಜೆ ಬಂದರೆ ಜನವಾಡ, ಭಾಲ್ಕಿ ಎಂದು ಇವಳೂ ಲಾರಿ ಹತ್ತುತ್ತಿದ್ದಳು. ಕೊರೆಯುವಾಗ ಮೊದಲು ಕೆಂಪು ಪುಡಿ ಹಾರುತ್ತದೆ, ಆಮೇಲೆ ಕರಿ ಪುಡಿ. "ಅಬ್ಬಾ, ಕರಿಕಲ್ಲಿನ ಕೆಳಗ ಏನದ?" ಎಂದು ತಂದೆಯನ್ನು ಕೇಳಿದರೆ, "ಕೆಳಗ ಖರ್ಚ್ ಅದ ಬೇಟಾ, ಸುಮ್ನ ಕೂಡು" ಅನ್ನುತ್ತಿದ್ದರಂತೆ. ಅವಳು ಸುಮ್ಮನೆ ಕೂಡಲಿಲ್ಲ. ಓದಿ, ಹೈದರಾಬಾದಿನ ಕಚೇರಿಯೊಂದರಲ್ಲಿ ಅದೇ ಪ್ರಶ್ನೆ ಕೇಳುವ ನೌಕರಿ ಹಿಡಿದಳು.

ಎಣ್ಣೆ, ಅನಿಲ ಎಷ್ಟಿರಬಹುದೆಂದು ಅಂದಾಜು ಮಾಡುವ ಮೊದಲು ನೆಲವನ್ನು ಪ್ರಾಂತ್ಯಗಳಾಗಿ ವಿಂಗಡಿಸುತ್ತಾರೆ. ಇವು ಸರ್ಕಾರದ ಪ್ರಾಂತ್ಯಗಳಲ್ಲ, ಕಲ್ಲಿನವು. ನಮ್ಮ ಕರಿಕಲ್ಲಿನಡಿ ಎಣ್ಣೆ ಹಿಡಿದಿಡಬಲ್ಲ ಹಳೆಯ ಮರಳುಗಲ್ಲಿನ ಪದರಗಳಿದ್ದರೆ ಆ ನೆಲ ಗೆರೆಯ ಒಳಗೆ. ನೇರವಾಗಿ ಗ್ರಾನೈಟ್ ಸಿಕ್ಕರೆ ಹೊರಗೆ. ಗೆರೆ ತಪ್ಪಿದರೆ ಅಂದಾಜೂ ತಪ್ಪು.

ಔರಾದ ಕಡೆಯ ಗೆರೆಯನ್ನು ಎಳೆದವಳು ಶಮೀಮಳೇ, ನೌಕರಿಯ ಮೊದಲ ವರ್ಷಗಳಲ್ಲಿ. ಅಳತೆ ಭಾಲ್ಕಿ ತಾಲೂಕಿನ ಸಾಯಗಾಂವದ ಹತ್ತಿರ ನಿಂತಿತ್ತು. ಮುಂದಿನದನ್ನು ಕುಳಿತಲ್ಲೇ ಊಹಿಸಿ, ಔರಾದಿನ ಎಕಂಬಾವನ್ನೂ ಒಳಗೆ ಸೇರಿಸಿದ್ದಳು. ಊಹೆಗೆ ತುಂಡು ಗೆರೆ ಎಳೆಯುವುದು ಅವರ ಕೆಲಸದ ನಿಯಮ. ಇವಳು ಗಟ್ಟಿ ಗೆರೆಯನ್ನೇ ಎಳೆದಿದ್ದಳು. "ನಮ್ಮೂರ ಕಡೀದು, ನನಗ ಗೊತ್ತಿಲ್ಲೇನು ಅನ್ನೋ ಸೊಕ್ಕು ಶರ್ವರಿ" ಎಂದು ನನ್ನ ಹತ್ತಿರ ಒಪ್ಪಿಕೊಂಡಿದ್ದಳು.

ಹೋದ ವರ್ಷ ಹೊಸ ಅಂದಾಜಿಗಾಗಿ ಆ ನಕಾಶೆ ಮತ್ತೆ ಹೊರಬಂತು. ಅದು ಅಂತಿಮವಾಗುವ ಮೊದಲು ಎಕಂಬಾದಲ್ಲಿ ಅಳೆಯಲೇಬೇಕೆಂದು ಹಠ ಹಿಡಿದಳು. ಮೇಲಧಿಕಾರಿ ನಕ್ಕರಂತೆ: "ನಿಮ್ಮ ಗೆರೆ ನೀವೇ ಅಳಿಸ್ತೀರಾ ಮೇಡಂ? ಆ ಸುಖ ಬೇರೆಯವರಿಗೆ ಬಿಡ್ರಿ."

"ಇಲ್ರಿ ಸರ್, ಅದನ್ನ ನಾನೇ ತಗೋತೇನಿ."

ಒಂದೇ ಒಂದು ಸಲ ಹೋಗಿ ಅಳೆಯಲು ಅನುಮತಿ ಸಿಕ್ಕಿತು. ಅವಳ ಗುಳಿಗೆಗಳನ್ನು ಹಿಡಿದುಕೊಂಡು ನಾನೂ ಹೋದೆ.

ಅವಳು ತಂದದ್ದು ನೆಲದೊಳಗೆ ತಾನಾಗಿ ಹರಿಯುವ ತೀರ ಸಣ್ಣ ವಿದ್ಯುತ್ತನ್ನು ಅಳೆದು, ಕೆಳಗೆ ಯಾವ ಕಲ್ಲಿದೆಯೆಂದು ತಿಳಿಸುವ ಯಂತ್ರ. ಹತ್ತಿರದಲ್ಲಿ ಪಂಪಸೆಟ್ಟು ಓಡುತ್ತಿದ್ದರೆ ಅದಕ್ಕೆ ಬೇರೇನೂ ಕೇಳದು. ಎಕಂಬಾದಲ್ಲಿ ಕಡಲೆಗೆ ನೀರು ಬಿಡುವ ಕಾಲ. ಪರದೆಯ ಮೇಲೆ ಬರೀ ಗದ್ದಲ. ಶಮೀಮಳ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಸುತ್ತಲಿನ ಹೊಲಗಳಿಂದ ಬೈಗುಳ ಕೇಳಿಸಿದವು. ಪರದೆಯ ಗದ್ದಲ ನಿಂತು ಗೆರೆಗಳು ತಿಳಿಯಾದವು. ಶಮೀಮ ಚಪ್ಪಾಳೆ ತಟ್ಟಿದಳು.

"ಕರೆಂಟ್ ಹೋದ್ರ ಕುಣಿಯೋ ಹೆಣ್ಮಗಳನ್ನ ಇವತ್ತೇ ನೋಡ್ದೆ" ಎಂದ ಹೊಲದ ಯಜಮಾನ ಹಾವಗೆಪ್ಪ.

"ಕಾಕಾ, ಒಂದು ದಿನ ಪೂರಾ ಹಿಂಗೇ ಬಂದ್ ಇಡಸ್ರಿ."

"ಎಣ್ಣಿ ಸಿಕ್ಕರ ನಮ್ಮ ಹೊಲ ಹೋಗ್ತಾವಲ್ರೀ?"

"ಇಲ್ಲಿ ಏನೂ ಇಲ್ಲ ಅಂತ ನನ್ನ ಅನುಮಾನ. ಅದನ್ನ ಗಟ್ಟಿ ಮಾಡ್ಲಾಕ ಬಂದೀನಿ."

"ಇಲ್ಲದ್ದನ್ನ ಹುಡುಕ್ಲಾಕ ಊರ ಕರೆಂಟ್ ಬಂದ್ ಮಾಡ್ಬೇಕಾ? ಭಾಳ ಓದೀರಿ ಬಿಡ್ರಿ!"

ನೆರೆದವರೆಲ್ಲ ನಕ್ಕರು. ಶಮೀಮಳೂ ನಕ್ಕಳು. ಆಮೇಲೆ ಹೇಳಿದಳು: "ತಪ್ಪು ಗೆರಿ ಎಳದಾಕಿ ನಾನೇ ಕಾಕಾ. ನೋಡದೇ ನಿಮ್ಮೂರನ್ನ ಒಳಗ ಹಾಕೀನಿ."

ಹಾವಗೆಪ್ಪ ಕೇಳಿದ: "ಅಳತಿ ಮಾಡಿ ಹೋದವರು ಏನ್ ಸಿಕ್ತು ಅಂತ ಹೇಳ್ಲಾಕ ಯಾರೂ ತಿರುಗಿ ಬರಲ್ರಿ. ನೀವು ಬರ್ತೀರೇನು?"

"ಬಂದೇ ಹೇಳ್ತೇನಿ."

ಮರುದಿನ ಊರವರೇ ಲೈನ್‌ಮನ್‌ಗೆ ಹೇಳಿ ಫ್ಯೂಜ್ ತೆಗೆಸಿದರು. ಒಂದು ಮೋಟರೂ ಓಡಲಿಲ್ಲ. ಹಿಟ್ಟಿನ ಗಿರಣಿಯವನು ಬಾಗಿಲು ಹಾಕಿ ಬಂದು ನಮ್ಮ ಪಕ್ಕದಲ್ಲೇ ಕುಳಿತ. ಯಂತ್ರಕ್ಕೆ ಕೊನೆಗೂ ನೆಲ ಕೇಳಿಸಿತು. ಕರಿಕಲ್ಲಿನ ಕೆಳಗೆ ನೇರ ಗ್ರಾನೈಟ್. ನಡುವೆ ಏನೂ ಇಲ್ಲ.

ಕಚೇರಿಯಲ್ಲಿ ತಿಂಗಳುಗಟ್ಟಲೆ ವಾದ ನಡೆಯಿತು. ಅವಳು ಅಲ್ಲಾಡಲಿಲ್ಲ. ಕೊನೆಗೆ ಗೆರೆ ಎಕಂಬಾವನ್ನು ಬಿಟ್ಟು ಭಾಲ್ಕಿಯ ಕಡೆಗೆ ಸರಿಯಿತು. ಇನ್ನೂ ಅಳೆಯದ ಕಡೆಯಲ್ಲೆಲ್ಲ ಅದು ತುಂಡು ಗೆರೆಯಾಯಿತು. "ನನ್ನ ಕೂಡ ನಾನೇ ಜಗಳಾಡಿ ಗೆದ್ದೆ ಶರ್ವರಿ!" ಎಂದು ಫೋನಿನಲ್ಲಿ ಕೂಗಿದಳು. ಅಷ್ಟು ದೊಡ್ಡ ದನಿ ಅವಳಲ್ಲಿ ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ.

ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರು. ಆದರೂ ಅದೇ ಗುರುವಾರ ಬೆಳಿಗ್ಗೆ ನನ್ನ ಕಾರಿನಲ್ಲಿ ಎಕಂಬಾಕ್ಕೆ ಹೋದೆವು. ಹಾವಗೆಪ್ಪನ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಅವಳು ಹೊಸ ನಕಾಶೆ ಹರಡಿದಳು.

"ನಾವೆಲ್ಲಿ ಇದ್ದೀವ್ರಿ?"

"ಹೊರಗ, ಕಾಕಾ."

"ಅಂದ್ರ ನಾವು ಫೇಲಾ?"

"ನೀವು ಪಾಸ್. ಫೇಲ್ ಆಗಿದ್ದಾಕಿ ನಾನು. ಮತ್ತ ಕಟ್ಟಿ ಪಾಸಾದೆ!"

ಹಾವಗೆಪ್ಪ ನಗುತ್ತ ಅವಳನ್ನು ಬಾವಿಯ ಕಡೆಗೆ ಕರೆದೊಯ್ದು ಮೋಟರಿನ ಡಬ್ಬಿ ತೆರೆದ. "ಬಂದ್ ಮಾಡ್ಸಿದವರು ನೀವು. ಇವತ್ತು ಚಾಲೂನೂ ನೀವೇ ಮಾಡ್ರಿ ಮೇಡಂ."

ಶಮೀಮ ಹಸಿರು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಪೈಪು ಒಮ್ಮೆ ಕೆಮ್ಮಿ, ಕಡಲೆಯ ಸಾಲಿಗೆ ನೀರು ಬಿಟ್ಟಿತು.