ತಂಗಿಯ ಮದುವೆಯ ಜಂಪರ್

ನಮ್ಮ ಬೊಮ್ಮನಹಳ್ಳಿ ವಠಾರದಲ್ಲಿ ಪಕ್ಕದ ರೂಮಿನ ಮಹಾದೇವಿಯಷ್ಟು ಮೊಂಡು ಹೆಂಗಸನ್ನು ನಾನು ನೋಡಿಲ್ಲ. ಸಿಂದಗಿ ಕಡೆಯವಳು. ಇಬ್ಬರೂ ಒಂದೇ ಗಾರ್ಮೆಂಟ್ಸಿಗೆ ಹೋಗುತ್ತೇವೆ. ಲೈನಿನಲ್ಲಿ ನಾನು ಅಂಗಿಗೆ ಕಾಲರ್ ಕೂಡಿಸಿದರೆ ಅವಳು ತೋಳು ಕೂಡಿಸುತ್ತಾಳೆ. ಬೆಳಗಿಂದ ಸಂಜೆವರೆಗೆ ಅದೇ. ಇಡೀ ಬಟ್ಟೆ ಹೊಲಿಯುವುದು ಇಬ್ಬರಿಗೂ ಬಾರದು. ಊರಿನಲ್ಲಿ ಮಾತ್ರ ಅವಳು ಬೆಂಗಳೂರಿನ ದೊಡ್ಡ ಟೇಲರ್! ಅವಳ ಅವ್ವ ಹಾಗಂತ ಊರಿಗೆಲ್ಲ ಡಂಗುರ ಹೊಡೆದಿದ್ದಾಳೆ, ಇವಳು ಅಲ್ಲವೆನ್ನಲೇ ಇಲ್ಲ.

ಈಗ ತಂಗಿಯ ಮದುವೆ. ಮದುಮಗಳ ರೇಷ್ಮೆ ಜಂಪರ್, ಅಂದರೆ ರವಿಕೆ, ಸಡಿಲವಾಯಿತೆಂದು ಅವ್ವ ಅದನ್ನು ಬಸ್ಸಿನಲ್ಲಿ ಕಳಿಸಿದಳು, ಅಳತೆಗೊಂದು ಹಳೆಯ ಜಂಪರಿನ ಜೊತೆ. "ಮನ್ಯಾಗ ಟೇಲರ್ ಇರೂವಾಗ ಹೊರಗ ಯಾಕ ಕೊಡೂದು? ಬರೂವಾಗ ಸರಿ ಮಾಡ್ಕೊಂಡು ಬಾ" ಅಂದಳಂತೆ. ಬಿಸಿ ತುಪ್ಪ! ನುಂಗುವಂತಿಲ್ಲ, ಉಗುಳುವಂತಿಲ್ಲ.

ಭಾನುವಾರ ಸಂಜೆಗೆ ಅವಳ ಊರಿನ ಬಸ್ಸು. ಬೆಳಿಗ್ಗೆ ಮನೆ ಓನರ್ ಆಂಟಿಯ ಹಳೇ ಮಷೀನಿನ ಮುಂದೆ ಕೂತ ಮಹಾದೇವಿ ಮೊದಲು ತೋಳನ್ನೇ ಬಿಚ್ಚಿದಳು. ಅವಳಿಗೆ ಗೊತ್ತಿರುವ ಜಾಗ ಅದೊಂದೇ ತಾನೆ! ಆಮೇಲೆ ಪಕ್ಕದ ಹೊಲಿಗೆ ಒಳಗೆ ಹಿಡಿದಳು, ಎದೆಯ ಹತ್ತಿರ ಸುಕ್ಕಾಯಿತು. ಬಿಚ್ಚಿದಳು. ಹೊಲಿದಳು. ಮತ್ತೆ ಬಿಚ್ಚಿದಳು. ಎದ್ದು ನೀರು ಕುಡಿದಳು, ಬಾಗಿಲವರೆಗೆ ಹೋಗಿ ಬಂದಳು, ಮತ್ತೆ ಕೂತಳು. ರೇಷ್ಮೆಯ ಮೇಲೆ ಸೂಜಿಯ ತೂತುಗಳು ಸಾಲಾಗಿ ಕಾಣತೊಡಗಿದವು.

"ನೀಲಪ್ಪನ ಅಂಗಡೀಗೆ ಕೊಡೇ ಮಾರಾಯ್ತಿ, ಟೇಲರ್ ಅಂದ್ರೆ ಅವ್ನು! ನೀನು ಹಾಳು ಮಾಡ್ಬಿಡ್ತೀಯ" ಎಂದು ಬೈದೆ.

"ನಾನ ಮಾಡಿದ್ದು ಅಂತ ಅವ್ವ ಎಲ್ಲಾರಿಗೂ ತೋರಸ್ತಾಳ ವೇಣಿ. ಸುಳ್ಳು ಹ್ಯಾಂಗ ಹೇಳ್ಲಿ?"

"ಇಷ್ಟು ದಿನ ಮತ್ತೇನು ನಿಜ ಹೇಳಿದ್ಯಾ?"

ಬಾಯಿ ತಪ್ಪಿ ಬಂದುಬಿಟ್ಟಿತು. ಅವಳು ಫೋನ್ ತೆಗೆದು, ಸ್ಪೀಕರ್ ಹಾಕಿ, ಅವ್ವನಿಗೆ ಕರೆ ಮಾಡಿದಳು.

"ಯವ್ವಾ, ನನಗ ಜಂಪರ್ ಹೊಲಿಯಾಕ ಬರಂಗಿಲ್ಲ."

"ಹಂಗಾರ ಇಷ್ಟು ವರ್ಷ ಅಲ್ಲಿ ಏನ್ ಮಾಡೀದಿ?"

"ತೋಳು ಹಚ್ಚೀನಿ. ಬರೇ ತೋಳು."

ಆ ಕಡೆ ಮದುವೆ ಮನೆಯ ಗದ್ದಲ ಕೇಳುತ್ತಿತ್ತು. ಅವ್ವ ದನಿ ತಗ್ಗಿಸಿದಳು: "ಯಾರ ಮುಂದೂ ಅನಬ್ಯಾಡ. ಅಲ್ಲೇ ಟೇಲರಗ ಕೊಟ್ಟು ತಗೊಂಡು ಬಾ. ನೀನ ಮಾಡೀದಿ ಅಂತ ನಾ ಹೇಳ್ತೀನಿ."

ಮಹಾದೇವಿ ಜಂಪರನ್ನೂ ಬಿಚ್ಚಿದ ತೋಳುಗಳನ್ನೂ ಮಡಚಿ ನನ್ನ ಕೈಗೆ ಕೊಟ್ಟಳು.

"ನೀಲಪ್ಪಗ ನೀನ ಕೊಟ್ಟು ಬಾ. ಅವ್ವಗ ನನ್ನಿಂದ ನಾಚಿಕಿ ಆತು ವೇಣಿ."